ಒಮ್ಮೆ ಒತ್ತಿದರೆ ಎರಡು ಮೊಳೆ ಯಾಕೆ?

ಪ್ರಶ್ನೆ: ಹವ್ಯಾಸಕ್ಕೆ ಮರಗೆಲಸ ಮಾಡುತ್ತೇನೆ. ಇಷ್ಟು ದಿನ ಸುತ್ತಿಗೆಯಲ್ಲೇ ಕಾಲ ಕಳೆದೆ. ಈಗ 18 ಗೇಜಿನ ಬ್ರ್ಯಾಡ್ ನೇಲರ್ (ಗಾಳಿಯ ಒತ್ತಡದಲ್ಲಿ ತೆಳ್ಳಗಿನ ಮೊಳೆ ಹೊಡೆಯುವ ಗನ್), ಜೊತೆಗೊಂದು ಚಿಕ್ಕ ಕಂಪ್ರೆಸರ್ ತಂದಿದ್ದೇನೆ. ಗನ್ ಮೇಲೆ ಗಾಳಿಯ ಒತ್ತಡ 60ರಿಂದ 100 ಪಿಎಸ್‌ಐ ಎಂದಿದೆ. ಎಷ್ಟಕ್ಕೆ ಇಡಲಿ? ಯಾವುದನ್ನು ಮೊದಲು ಜೋಡಿಸಲಿ?

ಉತ್ತರ: ನಿಮ್ಮ ಕಂಪ್ರೆಸರ್‌ನಲ್ಲಿ ಎರಡು ಮೀಟರ್ ಇರಬಹುದು, ನೋಡಿ. ಒಂದು ಟ್ಯಾಂಕಿನ ಒಳಗಿನ ಒತ್ತಡ ತೋರಿಸುತ್ತದೆ. ಇನ್ನೊಂದು ಹೋಸ್‌ಗೆ ಹೋಗುವ ಗಾಳಿಯದು. ನಿಮಗೆ ಬೇಕಾದದ್ದು ಎರಡನೆಯದು. ಅದರ ಪಕ್ಕದ ರೆಗ್ಯುಲೇಟರ್ ತಿರುಗಿಸಿ 70 ಪಿಎಸ್‌ಐಗೆ ತನ್ನಿ. ಮೀಟರಿನಲ್ಲಿ ಬಾರ್ ಇದ್ದರೆ ಅದು ಸುಮಾರು 4.8.

ಈಗ ಜೋಡಿಸುವ ಕ್ರಮ. ಮೊಳೆ ಕೊನೆಗೆ. ಮೊದಲು ಗನ್ ಖಾಲಿ ಇರಲಿ, ಬೆರಳು ಟ್ರಿಗರ್‌ನಿಂದ ದೂರ ಇರಲಿ, ಮೂತಿ ನಿಮ್ಮ ಕಡೆಗೂ ಬೇರೆಯವರ ಕಡೆಗೂ ಬೇಡ. ಹೀಗೆ ಹಿಡಿದು ಹೋಸ್ ಸಿಕ್ಕಿಸಿ. ಹೋಸ್ ಸಿಕ್ಕಿಸುವ ಕ್ಷಣದಲ್ಲೇ ಗನ್ ಹಾರಿಬಿಡುವುದುಂಟು, ಅದಕ್ಕೇ ಖಾಲಿ ಇರಬೇಕು ಎನ್ನುವುದು. ಆಮೇಲೆ ಎರಡು ಪರೀಕ್ಷೆ. ಮೂತಿಯನ್ನು ಎಲ್ಲಿಗೂ ಒತ್ತದೆ ಟ್ರಿಗರ್ ಎಳೆಯಿರಿ: ಏನೂ ಆಗಬಾರದು. ಟ್ರಿಗರ್ ಮುಟ್ಟದೆ ಮೂತಿಯನ್ನು ಬೇಡದ ಮರದ ತುಂಡಿಗೆ ಒತ್ತಿ: ಆಗಲೂ ಏನೂ ಆಗಬಾರದು, ಎತ್ತಿದಾಗ ಮೂತಿ ಸ್ಪ್ರಿಂಗಿನ ಜೋರಿಗೆ ತಾನೇ ಹೊರಗೆ ಬರಬೇಕು. ಯಾವುದಾದರೂ ಒಂದು ತಪ್ಪಿದರೂ ಆ ಗನ್ ರಿಪೇರಿಗೆ ಹೋಗಬೇಕು, ಕೆಲಸಕ್ಕಲ್ಲ. ಎರಡೂ ಸರಿ ಇದ್ದರೆ ಮೊಳೆ ತುಂಬಿ.

ನೀವು ಹೊಡೆಯಬೇಕಿರುವ ಮರದ್ದೇ ಒಂದು ತುಂಡಿಗೆ ಹೊಡೆದು ನೋಡಿ. ಮೊಳೆಯ ತಲೆ ಮೇಲೆ ಉಳಿದರೆ ಐದೈದು ಪಿಎಸ್‌ಐ ಏರಿಸುತ್ತಾ ಹೋಗಿ. ಹೆಚ್ಚುಕಮ್ಮಿ ಸರಿ ಬಂದ ಮೇಲೆ ಉಳಿದದ್ದನ್ನು ಗನ್ನಿನಲ್ಲೇ ಇರುವ ಆಳದ ಚಕ್ರ ತಿರುಗಿಸಿ ಸರಿಮಾಡಿ. ಜಾಸ್ತಿ ಒತ್ತಡ ಇಟ್ಟರೆ ಕೆಲಸ ಬೇಗ ಆಗುತ್ತದೆ ಎಂದುಕೊಳ್ಳಬೇಡಿ. ಮೊಳೆ ಮರದೊಳಗೆ ಮುಳುಗುತ್ತದೆ, ಒಳಗಿನ ರಬ್ಬರ್ ಬೇಗ ಸವೆಯುತ್ತದೆ, ಅಷ್ಟೇ. 100 ದಾಟಲೇಬೇಡಿ.

ಒಂದು ಸಣ್ಣ ವಿಷಯ. ಹೋಸನ್ನು ಗನ್ನಿಗೆ ಸೇರಿಸುವ ಕಪ್ಲರ್‌ನಲ್ಲಿ ಗಂಡು ಭಾಗ ಗನ್ನಿಗೆ, ಹೆಣ್ಣು ಭಾಗ ಹೋಸಿಗೆ ಇರಬೇಕು. ಉಲ್ಟಾ ಹಾಕಿದರೂ ಗನ್ ಕೆಲಸ ಮಾಡುತ್ತದೆ, ಅದೇ ತೊಂದರೆ. ಹೋಸ್ ಬಿಚ್ಚಿದ ಮೇಲೂ ಗಾಳಿ ಗನ್ನಿನ ಹೊಟ್ಟೆಯಲ್ಲೇ ಉಳಿಯುತ್ತದೆ. ಬಿಚ್ಚಿದ್ದೇನಲ್ಲ ಎಂಬ ಧೈರ್ಯದಲ್ಲಿ ನೀವು ಮೂತಿಗೆ ಬೆರಳು ಹಾಕುತ್ತೀರಿ, ಅದರಲ್ಲಿನ್ನೂ ಒಂದು ಏಟಿಗೆ ಸಾಕಾಗುವಷ್ಟು ಗಾಳಿ ಇರುತ್ತದೆ.

ದಿನಾ ಶುರು ಮಾಡುವ ಮುಂಚೆ ಗಾಳಿ ಹೋಗುವ ತೂತಿಗೆ ಎರಡು ಮೂರು ಹನಿ ಏರ್ ಟೂಲ್ ಆಯಿಲ್ ಬಿಡಿ. ಎಂಜಿನ್ ಆಯಿಲ್ ಬೇಡ. ಆಯಿಲ್ ಬೇಡದ ಮಾದರಿಯಾದರೆ ಏನೂ ಬಿಡಬೇಡಿ. ಸಂಜೆ ಟ್ಯಾಂಕಿನ ನೀರು ಬಸಿಯಿರಿ.

ಪ್ರಶ್ನೆ: ದೊಡ್ಡ ಮೊಳೆ ಹೊಡೆಯುವ ಗನ್, ಅಂದರೆ ಫ್ರೇಮಿಂಗ್ ನೇಲರ್ ಬಳಸುತ್ತೇನೆ. ಒಂದು ಸಲ ಒತ್ತಿದರೆ ಕೆಲವೊಮ್ಮೆ ಎರಡು ಮೊಳೆ ಬರುತ್ತವೆ. ಎರಡನೆಯದು ಒಮ್ಮೆ ಚಿಮ್ಮಿ ಗೋಡೆಗೆ ಬಡಿಯಿತು. ಗನ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲಾರದು. ಬಹುಶಃ ಅದು ಹೇಳಿದ ಹಾಗೇ ಕೇಳುತ್ತಿದೆ.

ಗನ್ನುಗಳ ಟ್ರಿಗರ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಸೀಕ್ವೆನ್ಷಿಯಲ್‌ನಲ್ಲಿ ಮೊದಲು ಮೂತಿ ಒತ್ತಬೇಕು, ಆಮೇಲೆ ಟ್ರಿಗರ್ ಎಳೆಯಬೇಕು. ಮುಂದಿನ ಮೊಳೆಗೆ ಎರಡನ್ನೂ ಬಿಟ್ಟು ಮತ್ತೆ ಮೊದಲಿಂದ. ಕಾಂಟ್ಯಾಕ್ಟ್ ಟ್ರಿಗರ್ ಹಾಗಲ್ಲ. ಟ್ರಿಗರ್ ಎಳೆದು ಹಿಡಿದರೆ ಸಾಕು, ಮೂತಿ ಎಲ್ಲಿ ತಾಗಿದರೆ ಅಲ್ಲೆಲ್ಲ ಮೊಳೆ. ನಿಮ್ಮದು ಈ ಎರಡನೆಯದು ಅನಿಸುತ್ತದೆ. ಮೊಳೆ ಹೊಡೆದ ತಕ್ಷಣ ಗನ್ ಹಿಂದಕ್ಕೆ ಪುಟಿಯುತ್ತದೆ. ನಿಮ್ಮ ಕೈ ಅದನ್ನು ಒತ್ತುತ್ತಲೇ ಇರುತ್ತದೆ. ಬೆರಳು ಟ್ರಿಗರ್ ಬಿಟ್ಟಿರುವುದಿಲ್ಲ, ಮೂತಿ ಮತ್ತೆ ಮರಕ್ಕೆ ತಾಗುತ್ತದೆ, ಎರಡನೇ ಮೊಳೆ ಹೊರಡುತ್ತದೆ. ಅದು ಮೊದಲನೆಯದರ ತಲೆಗೆ ಬಡಿದರೆ ಎತ್ತ ಹಾರುತ್ತದೋ ದೇವರೇ ಬಲ್ಲ. ಜೋರಾಗಿ ಒತ್ತುವವರಿಗೆ ಇದು ಜಾಸ್ತಿ ಆಗುತ್ತದೆ, ಹೊಸಬರು ಜೋರಾಗಿಯೇ ಒತ್ತುತ್ತಾರೆ.

ಖಚಿತ ಮಾಡಿಕೊಳ್ಳಬೇಕಾ? ದಪ್ಪ ಮರದ ತುಂಡನ್ನು ನೆಲದ ಮೇಲಿಡಿ, ಅದನ್ನು ಕೈಯಲ್ಲಿ ಹಿಡಿಯಬೇಡಿ. ಮೊದಲು ಟ್ರಿಗರ್ ಎಳೆದು ಹಿಡಿದು, ಆಮೇಲೆ ಮೂತಿ ಒತ್ತಿ. ಮೊಳೆ ಬಂದರೆ ಅದು ಕಾಂಟ್ಯಾಕ್ಟ್.

ಪರಿಹಾರ ಸುಲಭ. ಸೀಕ್ವೆನ್ಷಿಯಲ್ ಟ್ರಿಗರ್‌ಗೆ ಬದಲಿಸಿ. ಕೆಲವು ಗನ್ನಿನಲ್ಲಿ ಸ್ವಿಚ್ ಇರುತ್ತದೆ, ಎಷ್ಟೋ ಗನ್ನುಗಳಿಗೆ ತಯಾರಕರೇ ಬದಲಿ ಟ್ರಿಗರ್ ಕೊಡುತ್ತಾರೆ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ಓಎಸ್‌ಎಚ್‌ಎ ಮತ್ತು ಎನ್‌ಐಒಎಸ್‌ಎಚ್ ಸಂಸ್ಥೆಗಳು 2011ರಲ್ಲಿ ನೇಲ್ ಗನ್ ಬಗ್ಗೆಯೇ ಒಂದು ಕೈಪಿಡಿ ತಂದವು. ಕಾಂಟ್ಯಾಕ್ಟ್ ಟ್ರಿಗರ್‌ನಲ್ಲಿ ಗಾಯವಾಗುವ ಅಪಾಯ ಸುಮಾರು ಎರಡರಷ್ಟು ಎಂದು ಅದರಲ್ಲಿದೆ. ವೇಗ ಕಮ್ಮಿಯಾಗುತ್ತದೆ ಎನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಸ್ವಲ್ಪ ಕಮ್ಮಿಯಾಗುತ್ತದೆ, ಹೌದು. ಆದರೂ ನನ್ನ ಎಲ್ಲ ಗನ್ನಿಗೂ ಸೀಕ್ವೆನ್ಷಿಯಲ್ಲೇ.

ಯಾವ ಟ್ರಿಗರ್ ಆದರೂ, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ, ಏಣಿ ಹತ್ತುವಾಗ, ಯಾರಿಗಾದರೂ ಗನ್ ಕೊಡುವಾಗ ಬೆರಳು ಟ್ರಿಗರ್ ಮೇಲೆ ಇರಬಾರದು. ಕಾಂಟ್ಯಾಕ್ಟ್ ಗನ್ನಿನ ಮೂತಿಗೆ ತೊಡೆಗೂ ಮರಕ್ಕೂ ವ್ಯತ್ಯಾಸ ಗೊತ್ತಿಲ್ಲ.

ಪ್ರಶ್ನೆ: ಹಲಗೆಯನ್ನು ಎಡಗೈಯಲ್ಲಿ ಹಿಡಿದೇ ಹೊಡೆಯುತ್ತೇನೆ. ಎಷ್ಟು ದೂರ ಹಿಡಿದರೆ ಸಾಕು?

ಉತ್ತರ: ಕಡಿಮೆ ಅಂದರೂ ಒಂದು ಅಡಿ. ಅಷ್ಟೊಂದಾ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಒಂದು ದಿನ ಬೀಡಿಂಗ್ ಹೊಡೆಯುವಾಗ ಮೊಳೆ ಮರದ ಗಂಟಿಗೆ ಸಿಕ್ಕಿ ಒಳಗೇ ಕೊಕ್ಕೆಯಂತೆ ಬಾಗಿತು, ಪಕ್ಕದಿಂದ ಹೊರಬಂದು ಹೆಬ್ಬೆರಳಿಗೆ ಚುಚ್ಚಿತು. ತೆಳ್ಳಗಿನ ಬ್ರ್ಯಾಡ್ ಮೊಳೆ ನಾರು ಹೋದ ಕಡೆ ಹೋಗುತ್ತದೆ. ನೀವು ಗುರಿ ಇಟ್ಟ ಕಡೆಯೇ ಹೋಗಬೇಕೆಂದೇನಿಲ್ಲ. ಅಷ್ಟು ದೂರ ಹಿಡಿಯಲು ತುಂಡು ಚಿಕ್ಕದಾಯಿತಾ? ಕ್ಲ್ಯಾಂಪ್ ಹಾಕಿ. ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ, ಕಿವಿಗೆ ಇಯರ್ ಪ್ಲಗ್ ಬೇಕೇ ಬೇಕು.

ಮೊಳೆ ಕೈಗೆ ಆಳವಾಗಿ ಹೊಕ್ಕರೆ ನೀವೇ ಕೀಳಬೇಡಿ, ಹಾಗೇ ಆಸ್ಪತ್ರೆಗೆ ಹೋಗಿ. ಪಟ್ಟಿಯಾಗಿ ಜೋಡಿಸಿ ಬರುವ ಮೊಳೆಗಳ ಮೈಯಲ್ಲಿ ಅಂಟು, ಪ್ಲಾಸ್ಟಿಕ್ ಚೂರು ಅಥವಾ ತಂತಿ ಇರಬಹುದು. ಕಿತ್ತರೆ ಅವು ಒಳಗೇ ಉಳಿಯಬಹುದು. ಟೆಟನಸ್ ಚುಚ್ಚುಮದ್ದಿನ ವಿಷಯವನ್ನೂ ಡಾಕ್ಟರ್ ಹತ್ತಿರ ಕೇಳಿ.

ಪ್ರಶ್ನೆ: ಕಂಪ್ರೆಸರ್ ಇಲ್ಲ. ವೆಲ್ಡಿಂಗ್‌ಗೆ ತಂದ ಆಕ್ಸಿಜನ್ ಸಿಲಿಂಡರ್ ಇದೆ. ಅದಕ್ಕೇ ಜೋಡಿಸಬಹುದಾ?

ಉತ್ತರ: ಬೇಡವೇ ಬೇಡ. ಗನ್ನಿನೊಳಗೆ ಎಣ್ಣೆ ಇದೆ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಗನ್ ಕೈಯಲ್ಲೇ ಸಿಡಿಯಬಹುದು. ಬೇರೆ ಯಾವ ಗ್ಯಾಸ್ ಸಿಲಿಂಡರೂ ಬೇಡ, ಕಂಪ್ರೆಸರ್ ಗಾಳಿ ಮಾತ್ರ.

ಪ್ರಶ್ನೆ: ಮೊಳೆ ಪದೇ ಪದೇ ಸಿಕ್ಕಿಕೊಳ್ಳುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಹೋಸ್ ಬಿಚ್ಚಿ. ಟ್ರಿಗರ್ ಬಿಟ್ಟಿದ್ದೇನಲ್ಲ ಎನ್ನುವುದು ಸಾಲದು. ಆಮೇಲೆ ಮೊಳೆ ಪಟ್ಟಿ ಹೊರಗೆ ತೆಗೆದು, ಮೂತಿಯ ಮುಚ್ಚಳ ತೆರೆದು, ಬಾಗಿದ ಮೊಳೆಯನ್ನು ಇಕ್ಕಳದಲ್ಲಿ ಎಳೆಯಿರಿ. ಮತ್ತೆ ಮತ್ತೆ ಆಗುತ್ತಿದ್ದರೆ ಮೊಳೆಯ ಗೇಜ್ ನೋಡಿ. 18ರ ಗನ್ನಿಗೆ 16ರ ಮೊಳೆ ಆಗದು, ನಂಬರ್ ಕಮ್ಮಿಯಾದಷ್ಟೂ ಮೊಳೆ ದಪ್ಪ. ಗೇಜ್ ಸರಿ ಇದ್ದರೆ ಒತ್ತಡ ಕಮ್ಮಿ ಇದೆಯಾ, ಗನ್ನಿನೊಳಗೆ ಮೊಳೆಗೆ ಬಡಿಯುವ ಲೋಹದ ಪಟ್ಟಿಯ ತುದಿ ಸವೆದಿದೆಯಾ ನೋಡಿ. ತುದಿ ಸವೆದು ದುಂಡಗಾಗಿದ್ದರೆ ಅದನ್ನು ಬದಲಿಸಬೇಕು.