ಹಾವು ಕಚ್ಚಿದ ನಿಮ್ಮ ತಮ್ಮನಿಗೆ ಹತ್ತು ವಯಲ್ (ಸೀಸೆ) ಪ್ರತಿವಿಷ ಕೊಟ್ಟರೂ ವಸಡಿನ ರಕ್ತ ನಿಂತಿಲ್ಲವೇ?
ಔಷಧ ನಕಲಿ ಇರಬಹುದೇ ಎಂಬ ನಿಮ್ಮ ಶಂಕೆಗಿಂತ ಹೆಚ್ಚು ಸಂಭವನೀಯ ಕಾರಣ ಬೇರೆಯಿದೆ. ಪ್ರತಿವಿಷ ವಿಷವನ್ನಷ್ಟೇ ಕಟ್ಟಿಹಾಕುತ್ತದೆ. ವಿಷದಿಂದ ನಾಶವಾದ, ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಸುಮಾರು ಆರು ಗಂಟೆ ಬೇಕು. ತಮ್ಮನನ್ನು ಆಸ್ಪತ್ರೆಯಿಂದ ಕದಲಿಸಬೇಡಿ.

ಕೊನೆಯ ಡೋಸ್ ಆಗಿ ಆರು ಗಂಟೆಗೆ 20 ನಿಮಿಷದ ಹೆಪ್ಪುಗಟ್ಟುವಿಕೆ ಪರೀಕ್ಷೆ (ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಬಿಟ್ಟು, ಹೆಪ್ಪುಗಟ್ಟಿದೆಯೇ ಎಂದು ನೋಡುವುದು) ಮಾಡುವಂತೆ ವೈದ್ಯರನ್ನು ಕೇಳಿ. ಶಹಾಪುರದ ತೊಗರಿ ಹೊಲದಲ್ಲಿ ನನ್ನ ತಂದೆಗೆ ಹಾವು ಕಚ್ಚಿದಾಗ ಮೊದಲ ಗಾಜಿನ ನಳಿಕೆಯ ರಕ್ತ ನೀರಿನಂತೆ ಹರಿದಿತ್ತು. ಪ್ರತಿವಿಷದ ನಂತರದ ಎರಡನೆಯದು ತಲೆಕೆಳಗಾಗಿಸಿದರೂ ಅಲುಗಲಿಲ್ಲ. ಆ ಕ್ಷಣವನ್ನು ನಾನು ಮರೆಯಲಾರೆ.

ಇನ್ನೂ ಹೆಪ್ಪುಗಟ್ಟದಿದ್ದರೆ ಮತ್ತೊಂದು ಡೋಸ್ ಬೇಕಾಗಬಹುದು. ಪ್ರತಿವಿಷ ತಯಾರಿಸಲು ಬಳಸುವ ವಿಷ ಬಹುಪಾಲು ತಮಿಳುನಾಡಿನ ಹಾವುಗಳದು, ನಮ್ಮ ಭಾಗದ ಹಾವಿನ ವಿಷ ಭಿನ್ನವಾಗಿದ್ದು, ಪ್ರತಿವಿಷ ಅದನ್ನು ಪೂರ್ತಿ ಕಟ್ಟಿಹಾಕದೇ ಇರಬಹುದು. ನಿಮ್ಮಲ್ಲಿ ಅದೇ ಕಾರಣವೇ ಎಂದು ದೂರದಿಂದ ಹೇಳಲಾಗದು. ವಿಷ ಮೂತ್ರಪಿಂಡಕ್ಕೂ ಹಾನಿ ಮಾಡಬಹುದು, ಹಾಗಾಗಿ ಮೂತ್ರವನ್ನು ಅಳೆದು ಬರೆದಿಡಿ. ಕಡಿಮೆಯಾದರೆ ಅಥವಾ ಕೆಂಪಾದರೆ ಕೂಡಲೇ ವೈದ್ಯರಿಗೆ ತಿಳಿಸಿ, ಡಯಾಲಿಸಿಸ್ ಇರುವ ಕಲಬುರಗಿಯ ಆಸ್ಪತ್ರೆಗೆ ಕಳುಹಿಸಬೇಕೇ ಎಂದು ಕೇಳಿ.