ಮಾತು ಬರದಿದ್ದರೂ ಸ್ತೋತ್ರ ಹೇಳಬಹುದು

ಅಮ್ಮ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದಾರೆ, ಭಾನುವಾರ ಚರ್ಚಿನ ಆರಾಧನೆಯಲ್ಲಿ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳಬೇಕು, ಆದರೆ ಎದ್ದು ನಿಂತರೆ ಅಳು ಬರುತ್ತದೆ, ಏನು ಹೇಳಲಿ ಅಂತ ಕೇಳಿದ್ದೀರಿ.

ಅಳು ಬಂದರೆ ಬರಲಿ ಬಿಡಿ. ಬೈಬಲಿನ ಲೂಕ ಸುವಾರ್ತೆ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಯೇಸುವಿನಿಂದ ವಾಸಿಯಾದರು. ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು, ಯೆಹೂದ್ಯರು ಹೊರಗಿನವನು ಅಂತ ದೂರ ಇಟ್ಟವನು. ದೇವರನ್ನು ಕೊಂಡಾಡುತ್ತಾ ಬಂದು ಯೇಸುವಿನ ಕಾಲಿಗೆ ಬಿದ್ದು ಸ್ತೋತ್ರ ಹೇಳಿದ, ಅಷ್ಟೇ. ಭಾಷಣ ಮಾಡಲಿಲ್ಲ.

ಮಾತು ಬೇಕೇ ಬೇಕು ಅಂದರೆ ಬೈಬಲಿನಲ್ಲಿ ಕೀರ್ತನೆ 136 ತೆಗೆಯಿರಿ. 26 ವಚನ, ಪ್ರತಿಯೊಂದರ ಕೊನೆಗೂ ದೇವರ ಕೃಪೆ ಶಾಶ್ವತ ಅನ್ನುವ ಅದೇ ಮಾತು. ಪ್ರತಿ ವಚನದ ಮೊದಲರ್ಧ ನೀವು ಓದಿ, ಉಳಿದದ್ದನ್ನು ಸಭೆಯವರು ಹೇಳಲಿ. ನಿಮ್ಮ ಗಂಟಲು ಕಟ್ಟಿದರೂ ಅವರು ಎಳೆದುಕೊಂಡು ಹೋಗುತ್ತಾರೆ. ಐದಾರು ವಚನ ಸಾಕು. ಮುಂದೆ ಸೀಹೋನ, ಓಗ ಅಂತ ರಾಜರ ಹೆಸರು ಬರುತ್ತವೆ, ಸುಮ್ನೆ ಅಲ್ಲಿ ಎಡವೋದು ಯಾಕೆ!

ನಮ್ಮ ಮಾಲೂರು ಕಡೆ ಸುಗ್ಗಿ ಹಬ್ಬದ ಆರಾಧನೆಯಲ್ಲಿ ಒಬ್ಬ ಅಜ್ಜಿ ಮೊರದಲ್ಲಿ ರಾಗಿ ತಂದು ಆಲ್ಟರ್ ಮುಂದೆ ಇಟ್ಟರು. ಕೈ ಮುಗಿದರು, ಹೋಗಿ ಕೂತರು. ಒಂದು ಮಾತೂ ಇಲ್ಲ. ನನಗೆ ಅವತ್ತು ಚರ್ಚಿನಲ್ಲಿ ಕೊಟ್ಟ ಪ್ರಸಂಗ, ಅಂದರೆ ಉಪದೇಶ, ನೆನಪಿಲ್ಲ, ಆ ಮೊರ ನೆನಪಿದೆ. ನೀವೂ ಸ್ತೋತ್ರ ಕಾಣಿಕೆ ಅಂತ ಮನೆಯಲ್ಲಿ ಇರುವುದನ್ನೇ ಕೊಡಬಹುದು, ತೋಟದ್ದು ಒಂದು ಬಾಕ್ಸ್ ಟೊಮೆಟೊ ಆದರೂ ಸರಿ.

ಅಯ್ಯನವರಿಗೆ, ಅಂದರೆ ಸಭೆಯ ಪಾದ್ರಿಗೆ, ಶನಿವಾರವೇ ಹೇಳಿಡಿ. ಅಮ್ಮನನ್ನೂ ಕರೆದುಕೊಂಡು ಹೋಗುವುದಾದರೆ ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಸಿ, ಜಾಸ್ತಿ ಹೊತ್ತು ಕೂರಿಸಬೇಡಿ.