ಚೀನೀ ಜಾತಕದಲ್ಲಿ ನೀವು ಹಾವೋ ಕುದುರೆಯೋ

1990ರ ಜನವರಿ 30ಕ್ಕೆ ಹುಟ್ಟಿದ ನಿಮ್ಮನ್ನು ಒಂದು ಆ್ಯಪ್ ಕುದುರೆ ಅನ್ನುತ್ತೆ, ಇನ್ನೊಂದು ಹಾವು ಅನ್ನುತ್ತೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿನೇ, ಲೆಕ್ಕ ಬೇರೆ ಅಷ್ಟೆ.

ಆ ಸಲ ಚೀನೀ ಹೊಸವರ್ಷ ಬಂದದ್ದು ಜನವರಿ 27ಕ್ಕೆ. ಅದರ ಪ್ರಕಾರ ನೀವು ಕುದುರೆ. ಆದರೆ 'ಬಾಝಿ' ಅನ್ನುವ ಚೀನೀ ಪದ್ಧತಿಯಲ್ಲಿ ಜಾತಕ ಬರೆಯುವವರು ಸಾಮಾನ್ಯವಾಗಿ ಚಾಂದ್ರಮಾನ ಹಿಡಿಯುವುದಿಲ್ಲ. ಸೂರ್ಯನ ಲೆಕ್ಕದ 'ಲಿಚುನ್' ದಿನ, ಅಂದರೆ ಫೆಬ್ರವರಿ 4ರ ಆಸುಪಾಸು, ಅವರಿಗೆ ವರ್ಷ ಶುರು. ಹಾಗಾಗಿ ನೀವಿನ್ನೂ 1989ರ ಮಣ್ಣಿನ ಹಾವು. ತಿಂಗಳಿಗೂ ಒಂದು ಪ್ರಾಣಿ ಇದೆ, ನಿಮ್ಮದು ಎತ್ತು.

ವರ್ಷದ ಪ್ರಾಣಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಾಝಿಯಲ್ಲಿ ವರ್ಷ, ತಿಂಗಳು, ದಿನ, ಗಂಟೆ ಅಂತ ನಾಲ್ಕು ಕಂಬಗಳಿವೆ. ಒಂದೊಂದಕ್ಕೂ ಎರಡು ಅಕ್ಷರ: ಮೇಲೆ ಹತ್ತು ಆಕಾಶ ಕಾಂಡಗಳಲ್ಲಿ ಒಂದು, ಕೆಳಗೆ ಹನ್ನೆರಡು ಭೂಮಿ ಕೊಂಬೆಗಳಲ್ಲಿ, ಅಂದರೆ ಪ್ರಾಣಿಗಳಲ್ಲಿ, ಒಂದು. ಎರಡೂ ಒಟ್ಟಿಗೆ ಒಂದೊಂದೇ ಹೆಜ್ಜೆ ಮುಂದೆ ಹೋಗುವುದರಿಂದ ಒಟ್ಟು ಜೋಡಿ 60, ನಮ್ಮ ಸಂವತ್ಸರಗಳಷ್ಟೇ! ದಿನದ ಕಂಬದ ಮೇಲಿನ ಅಕ್ಷರವೇ 'ನೀವು'. ಅದು ಮರವೋ, ಬೆಂಕಿಯೋ, ಮಣ್ಣೋ, ಲೋಹವೋ, ನೀರೋ, ಹುಟ್ಟಿದ ತಿಂಗಳ ಋತು ಅದಕ್ಕೆ ಬಲ ಕೊಡುತ್ತದೋ ಇಲ್ಲವೋ ಅಂತ ಮೊದಲು ನೋಡುತ್ತಾರೆ. (ಭವಿಷ್ಯದ ಮಾತು ನಾನು ನಂಬುವುದಿಲ್ಲ, ಲೆಕ್ಕ ಮಾತ್ರ ಸೊಗಸು.)

ಹುಟ್ಟಿದ ಸಮಯ ಅಮ್ಮನನ್ನು ಕೇಳಿಟ್ಟುಕೊಳ್ಳಿ. ಎರಡೆರಡು ಗಂಟೆಗೆ ಒಂದು ಪ್ರಾಣಿ, ರಾತ್ರಿ 11ಕ್ಕೆ ಇಲಿಯಿಂದ ಶುರು.